ಮ್ಯಾಂಚೆಸ್ಟರಿನಲ್ಲಿ ಕುಮಟಾ ಹತ್ತಿ

ಮ್ಯಾಂಚೆಸ್ಟರಿಗೆ ಊರು ನೋಡಲೆಂದೇ ಹೋಗುವವರು ಕಡಿಮೆ. ಫುಟ್‌ಬಾಲಿನ ಹುಚ್ಚಿದ್ದವರು ಹೋಗುತ್ತಾರೆ, ಮಕ್ಕಳು ಅಲ್ಲಿ ನೌಕರಿಯಲ್ಲಿರುವ ನನ್ನಂಥವರು ಹೋಗುತ್ತಾರೆ. ಲಂಡನ್ನಿನ ಹಾಗೆ ಅರಮನೆಯಿಲ್ಲ, ಎಡಿನ್‌ಬರೋದ ಹಾಗೆ ಗುಡ್ಡದ ಮೇಲೆ ಕೋಟೆಯಿಲ್ಲ. ಬೇಸಿಗೆಯಲ್ಲೂ ಜಿಟಿಜಿಟಿ ಮಳೆ. ಅಳಿಯ ಮೊದಲೇ ಹೇಳಿಬಿಟ್ಟರು: "ಮಾಮಾ, ಇಲ್ಲಿ ನೋಡೂವಂಥದ್ದು ಭಾಳ ಏನಿಲ್ಲರಿ. ಶನಿವಾರ ಯಾರ್ಕ್‌ಗೆ ಹೋಗೂಣು. ಅಲ್ಲಿ ದೊಡ್ಡ ಚರ್ಚು, ಕೋಟಿಗ್ವಾಡಿ ಎಲ್ಲಾ ಅದಾವು."

ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರದ ಗುಡಿಗಳನ್ನು ಸುತ್ತಿ ಬೆಳೆದವನಿಗೆ ಹಳೆಯ ಕಲ್ಲುಕಟ್ಟಡದ ಬರವೇನೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಬೇರೆ. ನಾನು ಹುಲಕೋಟಿಯವನು. ನೂಲಿನ ಗಿರಣಿಗೆ ಹತ್ತಿ ಆರಿಸುವುದೇ ನನ್ನ ಹೊಟ್ಟೆಪಾಡಾಗಿತ್ತು. ಗದಗ ಸೀಮೆಯ ಎರಿ ಹೊಲದಲ್ಲಿ ಯಾವ ಬೀಜ ಬಿತ್ತಬೇಕು, ಆ ಹತ್ತಿ ಯಾವ ಘಟ್ಟ ಇಳಿಯಬೇಕು, ಅದರಲ್ಲಿ ಮೋಸ ಮಾಡಿದವನಿಗೆ ಯಾವ ಶಿಕ್ಷೆ ಆಗಬೇಕು, ಇಷ್ಟೇ ಅಲ್ಲ, ಉತ್ತರ ಕನ್ನಡ ಜಿಲ್ಲೆ ಯಾವ ಪ್ರಾಂತಕ್ಕೆ ಸೇರಬೇಕು ಎಂಬ ತನಕ ಒಂದು ಕಾಲಕ್ಕೆ ಕೈಯಾಡಿಸಿದ ಊರು ಮ್ಯಾಂಚೆಸ್ಟರ್. ಅಂಥ ಊರಿನಲ್ಲಿ ನೋಡಲು ಏನಿಲ್ಲ ಎಂದರೆ ಹೇಗೆ?

ಹಾಗಾಗಿ ಮೊದಲು ಹೋದದ್ದು ರಾಯಲ್ ಎಕ್ಸ್‌ಚೇಂಜಿಗೆ. ಸಂತ ಆ್ಯನ್‌ ಚೌಕದ ಪಕ್ಕದಲ್ಲಿ, ಒಂದು ಇಡೀ ಓಣಿಯಷ್ಟು ಜಾಗ ನುಂಗಿ ನಿಂತ ಕಲ್ಲಿನ ಕಟ್ಟಡ. ಹತ್ತಿ, ನೂಲು, ಬಟ್ಟೆ ಮೂರರ ದಲಾಲರೂ ಗಿರಣಿಯವರೂ ನಿಂತುಕೊಂಡೇ ವ್ಯವಹಾರ ಮುಗಿಸುತ್ತಿದ್ದ ಪಡಸಾಲೆ ಇದು. ಈಗಿರುವ ಕಟ್ಟಡ 1921ರಲ್ಲಿ ಸಿದ್ಧವಾದದ್ದು. ಆ ಹೊತ್ತಿಗೆ ಜಗತ್ತಿನಲ್ಲೇ ಅತಿ ದೊಡ್ಡ ಕೋಣೆ ಎಂದು ಅದರ ಜಂಬ. 1940ರ ಡಿಸೆಂಬರಿನಲ್ಲಿ ಜರ್ಮನರ ಬಾಂಬು ಬಿತ್ತು. 1968ರಲ್ಲಿ ಹತ್ತಿಯ ವ್ಯವಹಾರವೇ ನಿಂತಿತು. 1976ರಿಂದ ಅದು ನಾಟಕಶಾಲೆ. ಹಳೆಯ ನೆಲ ಅಷ್ಟು ಭಾರ ತಡೆಯಲಾರದೆಂದು, ಉಕ್ಕು-ಗಾಜಿನಿಂದ ಕಟ್ಟಿದ ಏಳು ಮೂಲೆಯ ರಂಗಮಂದಿರವನ್ನು ನಾಲ್ಕು ದಪ್ಪ ಕಂಬಗಳ ಮೇಲೆ ಹೊರಿಸಿದ್ದಾರೆ. ಪಡಸಾಲೆಯ ನಡುವೆ ಚಂದ್ರಲೋಕದ ಬಂಡಿಯೊಂದು ಇಳಿದಂತೆ ಕಾಣುತ್ತದೆ.

ನಾಟಕ ನನಗೆ ಬೇಕಿರಲಿಲ್ಲ. ತಲೆಯೆತ್ತಿ ನೋಡಿದೆ. ಎತ್ತರದಲ್ಲಿ ದರದ ಹಲಗೆ ಇನ್ನೂ ಇದೆ. ವ್ಯವಹಾರ ನಿಂತ ಕಡೇ ದಿನದ ಅಂಕಿಗಳನ್ನು ಅಳಿಸದೆ ಹಾಗೇ ಬಿಟ್ಟಿದ್ದಾರೆ. ನನ್ನ ಕಣ್ಣು ತಾನಾಗಿ ಕಿಸೆಯಲ್ಲಿ ಪೆನ್ನು ಹುಡುಕುವವನ ಹಾಗೆ ಆ ಸಾಲುಗಳ ಮೇಲೆ ಓಡಿತು. ಮುಂಜಾನೆ ಮಾರುಕಟ್ಟೆಯ ದರ ಬರೆದುಕೊಳ್ಳುವ ಚಟ ನಿವೃತ್ತಿಯಾದರೂ ಬಿಡುವುದಿಲ್ಲ. ಗುಮ್ಮಟದ ಒಳಸುತ್ತಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬೈಬಲ್ಲಿನ ನುಡಿಯೊಂದನ್ನು ಬರೆಸಿದ್ದಾರೆ. ಸಿರಿಗಿಂತ ಒಳ್ಳೆಯ ಹೆಸರು ದೊಡ್ಡದು ಎಂಬ ಅರ್ಥದ್ದು. ಮಗಳು ಅದನ್ನು ಓದಿ ಹೇಳಿದಾಗ, ನಮ್ಮ ಹತ್ತಿಗೆ ಈ ಊರಿನಲ್ಲಿ ಇದ್ದ ಹೆಸರು ನೆನಪಾಗಿ ಸುಮ್ಮನಾದೆ.

ಆ ಹೆಸರಿನ ಕಥೆ 1840ರ ಸುಮಾರಿಗೆ ಶುರುವಾಗುತ್ತದೆ. ಮ್ಯಾಂಚೆಸ್ಟರಿನ ಸುತ್ತಲ ಲ್ಯಾಂಕಾಶೈರಿನ ಗಿರಣಿಗಳು ಆಗ ಮುಕ್ಕಾಲು ಪಾಲಿಗೂ ಹೆಚ್ಚು ಹತ್ತಿಯನ್ನು ಅಮೆರಿಕದ ದಕ್ಷಿಣ ರಾಜ್ಯಗಳಿಂದಲೇ ತರಿಸುತ್ತಿದ್ದವು. ಗುಲಾಮರು ಬಿಡಿಸಿದ ಹತ್ತಿ. ಒಂದೇ ಬಾವಿಯ ನೀರು ನಂಬಿ ಕೂರುವುದು ಸರಿಯಲ್ಲವೆಂದು ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಹತ್ತು ಮಂದಿ ಅಮೆರಿಕನ್ ಬೆಳೆಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆತಂದಿತು. ಬೇರೆ ಕಡೆಗಳಲ್ಲಿ ಅವರ ನ್ಯೂ ಆರ್ಲಿಯನ್ಸ್ ಬೀಜ ಒಣಗಿ ಹೋಯಿತು, ಇಲ್ಲವೆ ಕೊಳೆತು ಹೋಯಿತು. ಅದು ನಿಂತು ಬೇರು ಬಿಟ್ಟದ್ದು ಧಾರವಾಡ ಜಿಲ್ಲೆಯಲ್ಲಿ. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಮರ್ಸರ್ ಎಂಬ ಬೆಳೆಗಾರ ಪ್ರಯೋಗದ ಹೊಲ ಮಾಡಿದ. ಕಲೆಕ್ಟರ್ ಎ. ಎನ್. ಶಾ ರೈತರಿಗೆ ಬೀಜ ಹಂಚಿ ಬೆನ್ನು ಹತ್ತಿದ. ಮುಂಗಾರಿನ ಬಾಲ, ಹಿಂಗಾರಿನ ತಲೆ ಎರಡೂ ಸಿಗುವ ನೆಲ ನಮ್ಮದು. ಮೇಲೆ ಎರಿ ಮಣ್ಣು ಹಸಿ ಹಿಡಿದಿಟ್ಟುಕೊಳ್ಳುತ್ತದೆ. ಕೆಲವೇ ವರ್ಷಗಳಲ್ಲಿ ಗದಗ, ಹುಬ್ಬಳ್ಳಿ, ನವಲಗುಂದ, ರೋಣ ಸೀಮೆಯ ತುಂಬ ಈ ಬೀಜ ಹರಡಿತು. ಪೇಟೆಯಲ್ಲಿ ಅದಕ್ಕೆ 'ಧಾರವಾಡ-ಅಮೆರಿಕನ್' ಎಂಬ ಹೆಸರು ಬಿತ್ತು. ಜವಾರಿ ಹತ್ತಿಗೆ ಮೊದಲಿಂದಲೂ ಬೇರೆ ಹೆಸರಿತ್ತು. ಎತ್ತಿನ ಗಾಡಿ, ಹೇರೆತ್ತುಗಳ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಪತ್ತೇಮಾರಿಯಲ್ಲಿ ಮುಂಬೈ ಸೇರಿ, ಆಫ್ರಿಕಾದ ತುದಿ ಸುತ್ತಿ ಲಿವರ್‌ಪೂಲ್ ಮುಟ್ಟುವ ಹತ್ತಿಯನ್ನು ಲಿವರ್‌ಪೂಲಿನ ದಲಾಲರು 'ಕೊಂಪ್ಟಾ' ಎಂದು ದರಪಟ್ಟಿಯಲ್ಲಿ ಬರೆಯುತ್ತಿದ್ದರು. ಕುಮಟೆಯಲ್ಲಿ ಒಂದು ಗಿಡ ಹತ್ತಿಯೂ ಬೆಳೆಯುವುದಿಲ್ಲ. ಬೆಳೆದವರು ನಾವು, ಹೆಸರು ಬಂದರಿನದು.

ಹೊಸ ಹತ್ತಿಗೆ ಒಂದು ತೊಡಕಿತ್ತು. ಜವಾರಿ ಹತ್ತಿಯ ಕಾಳು ಬಿಡಿಸಲು ನಮ್ಮ ಹೆಣ್ಣುಮಕ್ಕಳು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯಿಟ್ಟು, ಮಣೆಯ ಮೇಲೆ ಕೂತು, ಕಾಲಿಗೆ ಕಟ್ಟಿಗೆಯ ಮೆಟ್ಟು ಹಾಕಿ ಆ ಸಲಾಕೆಯನ್ನು ಹಿಂದೆ ಮುಂದೆ ಉರುಳಿಸುತ್ತಿದ್ದರು. ಅರಳೆ ಒಂದು ಕಡೆ, ಕಾಳು ಒಂದು ಕಡೆ. ಅಮೆರಿಕನ್ ಹತ್ತಿ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಸಲಾಕೆಗೆ ಬಗ್ಗುವುದಿಲ್ಲ. ಅದಕ್ಕೆ ಗರಗಸದ ಹಲ್ಲಿನ ಜಿನ್ ಬೇಕು. ಹಾಗಾಗಿ ಧಾರವಾಡದಲ್ಲಿ ಸರ್ಕಾರವೇ ಜಿನ್ ತಯಾರಿಸುವ, ದುರಸ್ತಿ ಮಾಡುವ ಕಾರಖಾನೆ ತೆರೆಯಿತು. ಒಂದು ಬೀಜ ಬಂದರೆ ಅದರ ಹಿಂದೆ ಯಂತ್ರ, ಯಂತ್ರದ ಹಿಂದೆ ಬಡಿಗ-ಕಮ್ಮಾರ, ಅವರ ಹಿಂದೆ ಸಾಲ ಕೊಡುವ ಸಾಹುಕಾರ. ಕಾಲಲ್ಲಿ ಸಲಾಕೆ ಉರುಳಿಸುತ್ತಿದ್ದ ಹೆಣ್ಣುಮಕ್ಕಳ ಕೂಲಿ ಎತ್ತ ಹೋಯಿತೆಂದು ಸರ್ಕಾರಿ ಕಾಗದಗಳಲ್ಲಿ ಯಾರೂ ಹೆಚ್ಚು ಕೇಳಿದಂತಿಲ್ಲ.

1861ರ ಏಪ್ರಿಲಿನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ಕಾವಲು ಹಾಕಿತು. ಮ್ಯಾಂಚೆಸ್ಟರಿನ ಸುತ್ತಲ ಗಿರಣಿಗಳ ಹೊಗೆ ಒಂದೊಂದಾಗಿ ನಿಂತಿತು. ಲಿವರ್‌ಪೂಲಿನಲ್ಲಿ ಹತ್ತಿಯ ದರ ಮೂರು-ನಾಲ್ಕು ಪಟ್ಟು ಏರಿತು. ಆ ಏರಿಕೆಯ ಹಣ ಮುಂಬೈ ಇಲಾಖೆಯ ಹಳ್ಳಿಹಳ್ಳಿಗೂ ಹರಿಯಿತು. ರೈತರು ಗಾಡಿಯ ಗಾಲಿಗೆ ಬೆಳ್ಳಿಯ ಹಳಿ ಹಾಕಿಸಿದರು ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಕಥೆ ಕಟ್ಟಿದವನು ಗಾಡಿ ಹೂಡಿದವನಲ್ಲ ಎಂದು ನನಗೆ ಅನುಮಾನ. ಎರಿ ಹಾದಿಯಲ್ಲಿ ಬೆಳ್ಳಿ ಹಳಿ ಒಂದು ಮಳೆಗಾಲ ಬಾಳುವುದಿಲ್ಲ. ಆದರೆ ರೊಕ್ಕ ಬಂದದ್ದಂತೂ ನಿಜ.

ರೊಕ್ಕದ ಜೊತೆಗೆ ಮೋಸವೂ ಬಂತು. ಧಾರವಾಡ-ಅಮೆರಿಕನ್ನಿಗೆ ದರ ಹೆಚ್ಚು, ಜವಾರಿಗೆ ಕಡಿಮೆ. ಎರಡನ್ನೂ ಬೆರೆಸಿ ಹೆಚ್ಚಿನ ದರಕ್ಕೆ ಮಾರಿದರು. ತೂಕ ಬರಲೆಂದು ಕಾಳು, ಮಣ್ಣು, ನೀರು ಸೇರಿಸಿದರು. ಇಂಥದ್ದನ್ನು ನಾನು ನನ್ನ ನೌಕರಿಯುದ್ದಕ್ಕೂ ನೋಡಿದ್ದೇನೆ. ಅಂಡಿಗೆಯ ಬಾಯಲ್ಲಿ ಬೆಳ್ಳಗಿನ ಹತ್ತಿ, ಹೊಟ್ಟೆಯಲ್ಲಿ ಕಳಪೆ ಕೌಡಿ. ಮುಂಜಾನೆಯ ಮಂಜಿನಲ್ಲಿ ಬಿಡಿಸಿದ ಹತ್ತಿ ಬೇರೆ, ನೀರು ಚಿಮುಕಿಸಿದ ಹತ್ತಿ ಬೇರೆ. ಮೊದಲನೆಯದು ಮೇಲೆ ತಣ್ಣಗಿದ್ದು ಒಳಗೆ ಒಣಗಿರುತ್ತದೆ. ಎರಡನೆಯದರ ನಡುವೆ ಮೊಣಕೈತನಕ ಕೈ ಇಳಿಸಿದರೆ ಬಿಸಿ ತಾಗುತ್ತದೆ. ಹಿಡಿ ಹತ್ತಿ ಹೊರತೆಗೆದು ಮುಷ್ಟಿ ಕಟ್ಟಿ ಬಿಟ್ಟರೆ ಒಣ ಹತ್ತಿ ಕೂಡಲೇ ಅರಳುತ್ತದೆ, ಹಸಿಯದು ಮುದ್ದೆಯಾಗಿಯೇ ಉಳಿಯುತ್ತದೆ. ಇದಕ್ಕೆ ಯಾವ ಯಂತ್ರವೂ ಬೇಡ.

ಮ್ಯಾಂಚೆಸ್ಟರಿನವರ ಕೂಗು ತಾಳಲಾರದೆ ಮುಂಬೈ ಸರ್ಕಾರ 1863ರಲ್ಲಿ ಹತ್ತಿ ಮೋಸ ತಡೆಯುವ ಕಾಯಿದೆ ತಂದಿತು. ಇನ್‌ಸ್ಪೆಕ್ಟರುಗಳು ಬಂದರು, ಗಂಟುಗಳಿಗೆ ಮುದ್ರೆ ಬಂತು, ತಪ್ಪಿತಸ್ಥರಿಗೆ ಶಿಕ್ಷೆ ಬಂತು. ಆದರೆ ಲಕ್ಷ್ಮೇಶ್ವರ ಮಿರಜದವರದು, ಶಿರಹಟ್ಟಿ ಸಾಂಗಲಿಯವರದು. ಸಂಸ್ಥಾನದ ಹೊಲದ ಬದುವು ದಾಟಿದರೆ ಬ್ರಿಟಿಷರ ಕಾಯಿದೆ ತಾನಾಗಿ ನಡೆಯುತ್ತಿರಲಿಲ್ಲ. ಒಂದೇ ಕೆರೆಯ ನೀರು ಕುಡಿಯುವ ಎರಡು ಊರಿಗೆ ಎರಡು ಕಾನೂನು. ಸುಮಾರು ಎರಡು ದಶಕ ನಡೆದು ಆ ಇನ್‌ಸ್ಪೆಕ್ಟರುಗಳ ಇಲಾಖೆ ಮುಚ್ಚಿತು. ಮೋಸ ಮುಚ್ಚಲಿಲ್ಲ.

ಇತ್ತ ಲ್ಯಾಂಕಾಶೈರಿನ ಕೂಲಿಕಾರರು ಭಾರತದ ಹತ್ತಿಗೆಲ್ಲ ಒಟ್ಟಾಗಿ 'ಸೂರತ್' ಎನ್ನುತ್ತಿದ್ದರು. ಧಾರವಾಡವೋ ಭಡೋಚವೋ ಅವರಿಗೆ ಒಂದೇ. ಒಂದು ಪ್ರಾರ್ಥನಾ ಸಭೆಯಲ್ಲಿ ದೇವರೇ ಹತ್ತಿ ಕಳಿಸು ಎಂದು ಬೇಡುತ್ತಿದ್ದಾಗ, ಕೂಲಿಯವನೊಬ್ಬ ಎದ್ದು ಸೂರತ್ ಮಾತ್ರ ಬೇಡಪ್ಪಾ ಎಂದನಂತೆ. ಆ ಕಥೆ ಲ್ಯಾಂಕಾಶೈರಿನ ಇತಿಹಾಸ ಬರೆದವರೆಲ್ಲರ ಪುಸ್ತಕದಲ್ಲೂ ಬರುತ್ತದೆ. ಕಳಪೆ ಎಂಬುದಕ್ಕೇ ಆ ಹೆಸರು ಅಂಟಿಕೊಂಡಿತು. 1863ರಲ್ಲಿ ಬಿಯರ್ ತಯಾರಿಸುವವರನ್ನು ಸೂರತ್ತಿನವರು ಎಂದು ಹಂಗಿಸಿದ್ದಕ್ಕೆ ಮಾನಹಾನಿಯ ದಾವೆಯೇ ನಡೆಯಿತು.

ಮ್ಯಾಂಚೆಸ್ಟರಿನ ವಿಜ್ಞಾನ ಮತ್ತು ಕೈಗಾರಿಕೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ನೂಲುವ ಯಂತ್ರಗಳನ್ನು ನೋಡುತ್ತ ನಿಂತಾಗ, ಆ ಕೂಲಿಯವನ ಸಂಕಟ ನನಗೆ ಅರ್ಥವಾಯಿತು. ಯಂತ್ರದಲ್ಲಿ ಉರುಳೆಗಳು ಜೋಡಿ ಜೋಡಿಯಾಗಿ ಇರುತ್ತವೆ. ಹಿಂದಿನ ಜೋಡಿ ನಿಧಾನ, ಮುಂದಿನ ಜೋಡಿ ಜೋರು. ನಡುವೆ ಸಿಕ್ಕ ಅರಳೆಯ ಪಟ್ಟಿ ಎಳೆದು ತೆಳ್ಳಗಾಗುತ್ತದೆ. ಎರಡು ಜೋಡಿಗಳ ನಡುವಿನ ಅಂತರ ಹತ್ತಿಯ ಎಳೆಯ ಉದ್ದಕ್ಕಿಂತ ತುಸುವೇ ಹೆಚ್ಚಿರಬೇಕು. ಅಲ್ಲಿನ ಉರುಳೆಗಳು ಅಮೆರಿಕದ ಉದ್ದ ಎಳೆಗೆ ಹೊಂದಿಸಿದ್ದವು. ನಮ್ಮ ಗಿಡ್ಡ ಎಳೆ ಹೋದರೆ ಹಿಂದಿನ ಉರುಳೆ ಕೈಬಿಟ್ಟಿರುತ್ತದೆ, ಮುಂದಿನದು ಇನ್ನೂ ಹಿಡಿದಿರುವುದಿಲ್ಲ. ನಡುವೆ ತೇಲುತ್ತದೆ. ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು, ಮತ್ತೆ ಮತ್ತೆ ಕಡಿಯುತ್ತದೆ. ಕಡಿದದ್ದನ್ನು ಸೇರಿಸುತ್ತ ಕೂತರೆ ಹೊತ್ತು ಹೋಗುತ್ತದೆ. ಕೂಲಿಯೋ ನೂತಷ್ಟಕ್ಕೆ, ನೇಯ್ದಷ್ಟಕ್ಕೆ. ನಮ್ಮ ಜವಾರಿ ತಳಿ ಜಯಧರದ ಎಳೆ ಇಪ್ಪತ್ತು-ಇಪ್ಪತ್ತೆರಡು ಮಿಲಿಮೀಟರ್, ಸಂಕರ ತಳಿ ಡಿಸಿಎಚ್‌ದು ಮೂವತ್ನಾಲ್ಕರ ಮೇಲೆ. ಎರಡನ್ನೂ ಒಂದೇ ಹೊಂದಿಕೆಯಲ್ಲಿ ನೂಲಿ ಎಂದರೆ ನಮ್ಮ ಗಿರಣಿಯ ಮೇಸ್ತ್ರಿಯೂ ದೇವರನ್ನೇ ಕರೆಯುತ್ತಿದ್ದ. ತಪ್ಪು ಹತ್ತಿಯದಲ್ಲ, ಹೊಂದಿಕೆಯದು. ಕೆಲವು ಗಿರಣಿಗಳು ಯಂತ್ರ ಹೊಂದಿಸಿಕೊಂಡು ನಮ್ಮ ಹತ್ತಿಯನ್ನೇ ನೂತವು. ಉಳಿದವು ಯುದ್ಧ ಎಂದು ಮುಗಿದೀತೆಂದು ಕಾದು ಕೂತವು.

ಅಲ್ಲೇ ಪಕ್ಕದಲ್ಲಿ 1830ರ ರೈಲು ನಿಲ್ದಾಣ. ಲಿವರ್‌ಪೂಲಿನಿಂದ ಮ್ಯಾಂಚೆಸ್ಟರಿಗೆ 31 ಮೈಲಿ, 1830ರ ಸೆಪ್ಟೆಂಬರ್ 15ರಂದು ಶುರುವಾದ ದಾರಿಯ ಕೊನೆ ಇದು. ಎದುರಿಗೆ ಅದೇ ವರ್ಷದ ಉಗ್ರಾಣ. ಹತ್ತಿಯ ಗಂಟು ರೈಲಿನಿಂದ ನೇರ ಒಳಗೆ ಹೋಗುವ ಹಾಗೆ ಕಟ್ಟಿದ್ದು. ಅಮೆರಿಕದ್ದೂ ಕುಮಟೆಯದೂ ಆ ಬಾಗಿಲಲ್ಲೇ ಹೋಗಿರಬೇಕು. ನಮಗೆ ಅಂಥ ದಾರಿ ಸಿಗಲು ಇನ್ನೂ ಐವತ್ತು ವರ್ಷ ಹಿಡಿಯಿತು.

ಅದರ ನಡುವೆ ನಡೆದ ರಸ್ತೆಯ ಫಜೀತಿಯನ್ನು ಹೇಳಲೇಬೇಕು. ಮ್ಯಾಂಚೆಸ್ಟರಿನ ಸಾಹುಕಾರರಿಗೆ ಧಾರವಾಡದ ಹತ್ತಿ ಬೇಗ ಬೇಕು, ಕುಮಟೆಗೆ ದೊಡ್ಡ ಹಡಗು ಬರುವುದಿಲ್ಲ. ಕಾರವಾರದ ಕೊಲ್ಲಿ ಆಳವಿದೆ, ಅಲ್ಲಿಗೆ ರಸ್ತೆ ಮಾಡಿ ಎಂದು ಹಟ ಹಿಡಿದರು. ಆದರೆ ಕಾರವಾರ ಮದ್ರಾಸಿನವರ ಕೈಯಲ್ಲಿ, ಧಾರವಾಡ ಮುಂಬೈಯವರ ಕೈಯಲ್ಲಿ. ಮದ್ರಾಸಿನವರು ರಸ್ತೆಗೆ ಯಾಕೆ ಖರ್ಚು ಮಾಡಿಯಾರು? ಕಡೆಗೆ 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಕಿತ್ತು ಮುಂಬೈ ಇಲಾಖೆಗೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿಯ ಕನ್ನಡಿಗರು ಏಕೀಕರಣದ ತನಕ ಎರಡು ಆಡಳಿತದಲ್ಲಿ ಬಾಳಿದ್ದರ ಹಿಂದೆ ಗದಗ-ಧಾರವಾಡದ ಹತ್ತಿಯಿದೆ ಎಂದರೆ ಶಾಲೆಯ ಹುಡುಗರು ನಂಬಲಿಕ್ಕಿಲ್ಲ. ಅಷ್ಟರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬುದೊಂದು ಹುಟ್ಟಿ, ಹತ್ತಿ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ಕಳಿಸಿಯೇ ಬಿಟ್ಟಿತು. ಅವು ಕಾಳಿ ನದಿಯ ಮುಖದಲ್ಲಿ, ಸದಾಶಿವಗಡದ ದಡಕ್ಕೆ ಬಂದಾಗ ಘಟ್ಟದ ರಸ್ತೆ ಮುಗಿದಿರಲಿಲ್ಲ. ರಸ್ತೆ ಮುಗಿಯುವ ಹೊತ್ತಿಗೆ ಯುದ್ಧ ಮುಗಿದಿತ್ತು. 1865ರ ಏಪ್ರಿಲಿನಲ್ಲಿ ಅಮೆರಿಕದ ದಕ್ಷಿಣದವರು ಸೋತರು. ಆ ಸುದ್ದಿ ಬಂದಂತೆ ಹತ್ತಿಯ ದರ ಬಿತ್ತು, ಮುಂಬೈಯಲ್ಲಿ ಬ್ಯಾಂಕುಗಳು ಮುಳುಗಿದವು, ನಮ್ಮ ಸೀಮೆಯಲ್ಲಿ ಸಾಲ ಮಾಡಿ ಹೊಲ ಕೊಂಡವರ ಕೈಗೆ ಸಾಲವಷ್ಟೇ ಉಳಿಯಿತು.

ಯುದ್ಧಕಾಲದ ನೆನಪಿಗೆ ಮ್ಯಾಂಚೆಸ್ಟರಿನಲ್ಲಿ ಒಂದು ಪ್ರತಿಮೆಯಿದೆ. ಅಬ್ರಹಾಂ ಲಿಂಕನ್ನನದು, ಅವನ ಹೆಸರಿನದೇ ಚೌಕದಲ್ಲಿ. ಉಪವಾಸ ಬಿದ್ದರೂ ಸರಿ, ಗುಲಾಮಗಿರಿಯ ವಿರುದ್ಧ ಹೋರಾಡುವ ಉತ್ತರದವರ ಪರ ನಿಲ್ಲುತ್ತೇವೆ ಎಂದು ಮ್ಯಾಂಚೆಸ್ಟರಿನ ಕೂಲಿಕಾರರು 1862ರ ಡಿಸೆಂಬರ್ 31ರಂದು ಫ್ರೀ ಟ್ರೇಡ್ ಹಾಲಿನಲ್ಲಿ ಸಭೆ ಸೇರಿ ಲಿಂಕನ್ನನಿಗೆ ಬರೆದರು. 1863ರ ಜನವರಿ 19ರಂದು ಅವನು ಉತ್ತರ ಬರೆದ. ಆ ಪತ್ರದ ಮಾತುಗಳು ಪೀಠದ ಮೇಲಿವೆ. ಪ್ರತಿಮೆ ಮಾಡಿದವನು ಲಿಂಕನ್ನನ ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಇಡಿಸಿದ್ದಾನೆ. ಹೊಟ್ಟೆನೋವಿನವನ ಹಾಗಿದೆ ಎಂದು ಆ ಕಾಲದಲ್ಲೇ ಜನ ಆಡಿಕೊಂಡರಂತೆ. ಮಗಳು ಫೋಟೋ ತೆಗೆಯುತ್ತ, "ಅಪ್ಪಾ, ನೀನೂ ಹಂಗ ಕೈ ಇಟ್ಕೊಂಡು ನಿಂದ್ರು" ಎಂದಳು. ನಿಂತೆ. ಆ ಕೂಲಿಕಾರರ ದೊಡ್ಡತನದ ಬಗ್ಗೆ ನನಗೆ ಸಂಶಯವಿಲ್ಲ. ಎಲ್ಲರೂ ಹಾಗೆ ಯೋಚಿಸಲಿಲ್ಲ, ಲಿವರ್‌ಪೂಲಿನ ವ್ಯಾಪಾರಿಗಳಲ್ಲಿ ಬಹಳ ಮಂದಿ ದಕ್ಷಿಣದವರ ಕಡೆಗೇ ಇದ್ದರು ಎಂಬುದನ್ನೂ ಇತಿಹಾಸಕಾರರು ಮರೆಯುವುದಿಲ್ಲ. ಆದರೆ ಪೀಠದ ಸುತ್ತ ಓದುತ್ತ ಹೋದರೆ ಕಥೆಯಲ್ಲಿ ಎರಡೇ ಊರು: ಅಮೆರಿಕ, ಮ್ಯಾಂಚೆಸ್ಟರ್. ಆ ನಾಲ್ಕು ವರ್ಷ ಇಲ್ಲಿನ ಗಿರಣಿಗಳಿಗೆ ಅರ್ಧಕ್ಕೂ ಹೆಚ್ಚು ಹತ್ತಿ ಎಲ್ಲಿಂದ ಬಂತೆಂದು ಕಲ್ಲಿನ ಮೇಲೆ ಎಲ್ಲೂ ಇಲ್ಲ. ನಗರಸಭೆಯ ಗೋಪುರದ ಕಟ್ಟಡ ನೋಡೋಣವೆಂದರೆ ಅದು 2018ರಿಂದ ದುರಸ್ತಿಗೆ ಮುಚ್ಚಿತ್ತು. ಸುತ್ತ ಬೇಲಿ, ಹಂದರ. ಅಷ್ಟಕ್ಕೇ ತೃಪ್ತಿಪಟ್ಟೆ.

ಯಾರ್ಕ್ ಬದಲು ನಾನು ಕೇಳಿದ ಊರು ರಾಚ್‌ಡೇಲ್. ಟ್ರ್ಯಾಮಿನಲ್ಲಿ ಹೋಗಬಹುದು. ಅಳಿಯನಿಗೆ ಆಶ್ಚರ್ಯ. "ಅಲ್ಲಿ ಏನೈತ್ರಿ ಮಾಮಾ?" "ಒಂದು ಕಿರಾಣಿ ಅಂಗಡಿ ಐತಿ" ಎಂದೆ.

ಟೋಡ್ ಲೇನಿನ 31ನೇ ನಂಬರಿನ ಮನೆ. 1844ರ ಡಿಸೆಂಬರ್ 21ರ ಸಂಜೆ ಇಪ್ಪತ್ತೆಂಟು ಮಂದಿ, ಅವರಲ್ಲಿ ಬಹಳಷ್ಟು ನೇಕಾರರು, ಪೈಸೆಗೆ ಪೈಸೆ ಸೇರಿಸಿ ಕೂಡಿಸಿದ 28 ಪೌಂಡಿನ ಬಂಡವಾಳದಲ್ಲಿ ಇಲ್ಲಿ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸಿನ ನುಚ್ಚು. ಹೆಚ್ಚುಕಡಿಮೆ ಅಷ್ಟೇ ಸಾಮಾನು. ಈಗ ಅದು ವಸ್ತುಸಂಗ್ರಹಾಲಯ. ಮರದ ಹಲಗೆಯ ಕಟ್ಟೆ, ತಕ್ಕಡಿ, ಪೀಪಾಯಿ. ಗದಗಿನ ಹಳೆಯ ಪೇಟೆಯ ಯಾವ ಅಂಗಡಿಯೂ ಇದಕ್ಕಿಂತ ದೊಡ್ಡದು. ಆದರೆ ನನ್ನ ಮಟ್ಟಿಗೆ ಮ್ಯಾಂಚೆಸ್ಟರಿನ ಸುತ್ತ ನಾನು ಕಂಡ ನಿಜವಾದ ಸ್ಮಾರಕ ಇದೇ.

ಆ ಕಾಲದ ಇಂಗ್ಲೆಂಡಿನ ಅಂಗಡಿಗಳಲ್ಲಿ ಹಿಟ್ಟಿಗೆ ಸೀಮೆಸುಣ್ಣ, ಚಹಾಕ್ಕೆ ಒಣ ಎಲೆ ಬೆರೆಸುವುದು ಮಾಮೂಲಾಗಿತ್ತು. ತೂಕದಲ್ಲಿ ಮೋಸ, ಉದ್ರಿಯ ಬಲೆ. ನಮ್ಮ ಹತ್ತಿಯಲ್ಲಿ ಮಣ್ಣಿದೆ ಎಂದು ಬೈದ ನಾಡಿನ ಹಿಟ್ಟಿನಲ್ಲಿ ಸುಣ್ಣವಿತ್ತು! ಅದಕ್ಕೆ ರಾಚ್‌ಡೇಲಿನವರು ಕಂಡುಕೊಂಡ ಉಪಾಯ ಇನ್‌ಸ್ಪೆಕ್ಟರ್ ಅಲ್ಲ. ಕೊಳ್ಳುವವರೇ ಅಂಗಡಿಯ ಒಡೆಯರಾದರು. ಶುದ್ಧ ಸಾಮಾನು, ಸರಿ ತೂಕ, ರೋಖ ವ್ಯವಹಾರ. ಲಾಭ ಬಂದರೆ ಯಾರು ಎಷ್ಟು ಕೊಂಡರೋ ಅದಕ್ಕೆ ತಕ್ಕಂತೆ ವಾಪಸು. ಎಷ್ಟೇ ಷೇರಿದ್ದರೂ ಒಬ್ಬನಿಗೆ ಒಂದೇ ಮತ. ತನಗೆ ತಾನೇ ಸುಣ್ಣ ತಿನ್ನಿಸಿಕೊಳ್ಳುವವರು ಯಾರೂ ಇಲ್ಲವಲ್ಲ.

ನಮ್ಮ ಜಿಲ್ಲೆಯವರು ಸಹಕಾರದ ಮಾತು ಬಂದರೆ ಎದೆಯುಬ್ಬಿಸುತ್ತೇವೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘ ದೇಶದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಸಭೆಗಳಲ್ಲಿ ಭಾಷಣ ಮಾಡುವವರು ರಾಚ್‌ಡೇಲಿನಿಂದ ನೇರ ಕಣಗಿನಹಾಳಕ್ಕೆ ಜಿಗಿದುಬಿಡುತ್ತಾರೆ. ವಂಶಾವಳಿ ಅಷ್ಟು ಸರಳವಲ್ಲ. 1904ರ ಕಾಯಿದೆ ಸಾಲ ಕೊಡುವ ಸಂಘಗಳಿಗೆ ಮಾತ್ರ ಅವಕಾಶ ಕೊಟ್ಟಿತು. ಅದರ ಮಾದರಿ ಜರ್ಮನಿಯ ರೈಫೈಸನ್ ಎಂಬವನು ಹಳ್ಳಿಗಳಲ್ಲಿ ಕಟ್ಟಿದ ಪತ್ತಿನ ಸಂಘಗಳು. ಒಬ್ಬರ ಸಾಲಕ್ಕೆ ಊರೆಲ್ಲ ಹೊಣೆ ಎಂಬ ಲೆಕ್ಕ. ಕೊಳ್ಳುವ, ಮಾರುವ ಸಂಘಗಳಿಗೆ ಬಾಗಿಲು ತೆರೆದದ್ದು 1912ರ ಕಾಯಿದೆ. ಅದಾದ ಮೂರೇ ವರ್ಷಕ್ಕೆ, 1915ರಲ್ಲಿ, ಹುಬ್ಬಳ್ಳಿಯಲ್ಲಿ ಸಹಕಾರಿ ಹತ್ತಿ ಮಾರಾಟ ಸಂಘ ಬಂತು. ಅದರ ಬೆನ್ನಿಗೇ ಗದಗಿನಲ್ಲೂ ಬಂತು. ಟೋಡ್ ಲೇನಿನ ಅಂಗಡಿಯ ನಿಜವಾದ ನೆಂಟಸ್ತಿಕೆ ಇರುವುದು ಈ ಹತ್ತಿ ಸಂಘಗಳ ಜೊತೆ.

ಅದಕ್ಕೂ ಮುಂಚೆ ರೈತ ಹತ್ತಿ ಮಾರುತ್ತಿದ್ದ ರೀತಿಯನ್ನು ನಮ್ಮಜ್ಜ ಹೇಳುತ್ತಿದ್ದ. ಅಡತಿ ಅಂಗಡಿಯ ಮುಂದೆ ದಲಾಲನೂ ಖರೀದಿದಾರನೂ ವಸ್ತ್ರದ ಕೆಳಗೆ ಕೈ ಹಿಡಿದು ಬೆರಳು ಒತ್ತಿ ದರ ಕುದುರಿಸುತ್ತಿದ್ದರು. ಹತ್ತಿ ಬೆಳೆದವನು ಪಕ್ಕದಲ್ಲೇ ಕೂತಿದ್ದರೂ ವಸ್ತ್ರದ ಕೆಳಗೆ ಏನು ನಡೆಯಿತೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಒಳ್ಳೆಯ ಹತ್ತಿಗೂ ಬೆರಕೆ ಹತ್ತಿಗೂ ಒಂದೇ ದರ ಬಂದರೆ ಒಳ್ಳೆಯದನ್ನು ಯಾರು ತರುತ್ತಾರೆ? ಹತ್ತಿ ಸಂಘ ಮಾಡಿದ್ದು ಬಹಳ ಸರಳ ಕೆಲಸ. ರೈತರ ಹತ್ತಿಯನ್ನು ದರ್ಜೆ ಪ್ರಕಾರ ಬೇರೆ ಬೇರೆ ಒಟ್ಟಿತು. ಬಹಿರಂಗ ಲಿಲಾವು ಕೂಗಿತು. ಶುದ್ಧ ಬೀಜ ಹಂಚಿತು. ಬೆರಕೆ ತಂದವನು ಬೈಸಿಕೊಂಡದ್ದು ಸಾಹೇಬನಿಂದಲ್ಲ, ತನ್ನದೇ ಊರಿನ ಪಂಚರಿಂದ. 1863ರ ಕಾಯಿದೆ ಇಪ್ಪತ್ತು ವರ್ಷ ಹೆಣಗಿ ಮಾಡಲಾಗದ್ದನ್ನು ಈ ಒಟ್ಟುವ ಅಂಗಳ ಮಾಡಿತು ಎಂಬುದು ನನ್ನ ಅಭಿಪ್ರಾಯ. ಎಲ್ಲ ಸಂಘಗಳೂ ಸತ್ಯಹರಿಶ್ಚಂದ್ರನ ವಂಶವೆಂದು ನಾನು ಹೇಳುವುದಿಲ್ಲ. ಚುನಾವಣೆ, ಪಕ್ಷ, ಬೀಗತನ ಎಲ್ಲ ಅಲ್ಲೂ ಸೇರಿಕೊಂಡಿವೆ. ಆದರೂ ದರ ಗಟ್ಟಿಯಾಗಿ ಕೂಗಿ ಹೇಳುವ ಪದ್ಧತಿ ಒಮ್ಮೆ ಬಂದದ್ದು ಮತ್ತೆ ವಸ್ತ್ರದ ಕೆಳಗೆ ಹೋಗಲಿಲ್ಲ.

ಅಷ್ಟು ಹೊತ್ತಿಗೆ ರೈಲೂ ಬಂದಿತ್ತು. 1884ರಲ್ಲಿ ಸದರ್ನ್ ಮರಾಠಾ ರೈಲ್ವೆ ಬಳ್ಳಾರಿಯಿಂದ ಗದಗಿಗೆ, ಹೊಟಗಿಯಿಂದ ಗದಗಿಗೆ ಹಳಿ ತಂದಿತು. ಹುಬ್ಬಳ್ಳಿಯ ದಾರಿಯಲ್ಲಿ ನಮ್ಮ ಹುಲಕೋಟಿಗೂ ನಿಲ್ದಾಣ ಸಿಕ್ಕಿತು. ಮುಂದೆ ಕ್ಯಾಸಲ್‌ರಾಕ್ ದಾಟಿ ಮುರಗಾಂವ ಬಂದರು ತನಕ ಹಳಿ ಜೋಡಿಸಿದ ಮೇಲೆ ಕುಮಟೆಯ ಹತ್ತಿ ವ್ಯಾಪಾರ ಕುಸಿಯಿತು. ಗದಗಿನಲ್ಲಿ ಜಿನ್ನುಗಳ, ಪ್ರೆಸ್ಸುಗಳ ಚಿಮಣಿ ಎದ್ದವು. ಕುಮಟೆಯ ಹೆಸರು ಮಾತ್ರ ಹತ್ತಿಗೆ ಅಂಟಿಕೊಂಡೇ ಉಳಿಯಿತು. ಆ ತಳಿಯಿಂದಲೇ ಆರಿಸಿ ಬೆಳೆಸಿದ ಜಯಧರವನ್ನು ನನ್ನ ಅಪ್ಪ ಬಿತ್ತುತ್ತಿದ್ದ. 1972ರಲ್ಲಿ ಧಾರವಾಡದ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಸಂಕರ ತಳಿ ಕೊಟ್ಟರು. ಅಮೆರಿಕದ ಹತ್ತಿಯನ್ನು ಈಜಿಪ್ಟ್ ಜಾತಿಯ ಉದ್ದ ಎಳೆಯ ಹತ್ತಿಯೊಂದಿಗೆ ಕೂಡಿಸಿದ್ದು. ಎಳೆ ಗಿಡ್ಡ ಎಂದು ಬೈಸಿಕೊಂಡ ಸೀಮೆಯಿಂದ ಬಲು ಉದ್ದ ಎಳೆಯ ಹತ್ತಿ ಹೊರಟಿತು. ಹುಲಕೋಟಿಯ ಹುಲಿ ಎಂದೇ ಹೆಸರಾದ ಕೆ. ಎಚ್. ಪಾಟೀಲರ ಮುಂದಾಳತ್ವದಲ್ಲಿ ರೈತರದೇ ಸಹಕಾರಿ ಸಂಸ್ಥೆಗಳು, ನೂಲಿನ ಗಿರಣಿಯೂ ಸೇರಿ, ನಮ್ಮೂರಿನಲ್ಲಿ ತಲೆಯೆತ್ತಿದವು. ಹತ್ತಿ ಬೆಳೆದವನೇ ನೂಲಿನ ಪಾಲುದಾರ. ಇಂಗ್ಲೆಂಡಿನಲ್ಲಿ ಅದಕ್ಕೂ ಮುಂಚೆಯೇ, 1959ರಲ್ಲಿ, ಹಳೆಯ ಕದಿರುಗಳನ್ನು ಒಡೆದು ಗುಜರಿಗೆ ಹಾಕಿದವರಿಗೆ ಸರ್ಕಾರ ಪರಿಹಾರ ಕೊಡುವ ಕಾಯಿದೆ ಬಂದಿತ್ತು.

ರಾಚ್‌ಡೇಲಿನಿಂದ ವಾಪಸು ಬರುವಾಗ ಅಳಿಯ ಮತ್ತೆ ಯಾರ್ಕ್ ಮಾತು ತೆಗೆದರು. ನಾನು ಲಿವರ್‌ಪೂಲ್ ಎಂದೆ. ಅಲ್ಲಿನ ಹತ್ತಿ ವಿನಿಮಯ ಭವನದ ಮುಖವನ್ನು 1967ರಲ್ಲಿ ಒಡೆದು ಗಾಜು-ಕಾಂಕ್ರೀಟಿನದು ಕಟ್ಟಿದ್ದಾರೆ, ನೋಡಲು ಏನೂ ಉಳಿದಿಲ್ಲ ಎಂದು ಮಗಳು ಫೋನಿನಲ್ಲಿ ಓದಿ ಹೇಳಿದಳು. ಉಳಿದದ್ದೊಂದಿದೆ ಎಂದು ಅವಳಿಗೆ ಹೇಳಿದೆ. ನೌಕರಿಯಲ್ಲಿದ್ದಾಗ ಪರದೇಶದ ಹತ್ತಿ ತರಿಸುವ ಕರಾರು ಪತ್ರ ಕೈಗೆ ಬಂದರೆ, ಹತ್ತಿ ಆಫ್ರಿಕಾದ್ದಿರಲಿ ಅಮೆರಿಕದ್ದಿರಲಿ, ಕೆಳಗೆ ಒಂದು ಸಾಲು ಇದ್ದೇ ಇರುತ್ತಿತ್ತು: ದರ್ಜೆಯ ಬಗ್ಗೆ ತಕರಾರು ಬಂದರೆ ಪಂಚಾಯ್ತಿ ಲಿವರ್‌ಪೂಲಿನ ನಿಯಮದಂತೆ. 1841ರಲ್ಲಿ ಲಿವರ್‌ಪೂಲಿನ ದಲಾಲರು ಕಟ್ಟಿಕೊಂಡ ಸಂಘ ಇಂದು ಅಂತರರಾಷ್ಟ್ರೀಯ ಹತ್ತಿ ಸಂಘವಾಗಿ ಅದೇ ಊರಿನಲ್ಲಿದೆ. ಜಗತ್ತಿನ ಹತ್ತಿ ವ್ಯಾಪಾರದ ಬಹುಪಾಲು ಇಂದಿಗೂ ಅದರ ನಿಯಮಗಳ ಮೇಲೆಯೇ ನಡೆಯುತ್ತದೆ. ಸುತ್ತಮುತ್ತ ಒಂದು ಗಿರಣಿಯ ಚಕ್ರ ತಿರುಗದಿದ್ದರೂ, ಈ ಹತ್ತಿ ಯಾವ ದರ್ಜೆಯದು ಎಂಬ ತೀರ್ಮಾನ ಅಲ್ಲಿ ಆಗುತ್ತದೆ. "ಅದರ ಬಾಗಲಾ ಒಂದು ನೋಡಿ ಬರೂಣು" ಎಂದೆ. ಅಳಿಯ ಲಿವರ್‌ಪೂಲಿಗೆ ರೈಲು ಎಷ್ಟು ಹೊತ್ತಿಗಿದೆ ಎಂದು ಹುಡುಕತೊಡಗಿದರು.